ಚೀಟಿಯಲ್ಲಿ ಬಾರದ ವಚನ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ನಮ್ಮ ಸಭೆಯೊಳಗೆ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತದೆ. ಕಾಣಿಕೆಯ ತಟ್ಟೆ ಆಗಲೇ ಹೋಗಿರುತ್ತದೆ. ಇದು ವಾಗ್ದಾನದ ತಟ್ಟೆ. ಹನ್ನೆರಡು ಹೊಡೆದು, ಗಂಟೆ ಬಾರಿಸಿ, ಅಕ್ಕಪಕ್ಕದವರ ಕೈ ಕುಲುಕಿದ ಮೇಲೆ, ಸುರುಳಿ ಸುತ್ತಿದ ಚೀಟಿಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತೇವೆ. ಹೊಸ ವರ್ಷಕ್ಕೆ ದೇವರು ನಮಗೆಂದೇ ತೆಗೆದಿಟ್ಟ ವಚನ ಅದರಲ್ಲಿದೆ ಎಂಬ ನಂಬಿಕೆ. ಮನೆಗೆ ಬಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವವರಿದ್ದಾರೆ, ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ನಾನು ಬೈಬಲಿನೊಳಗೆ ಇಡುವವನು.

ಹೋದ ಮಳೆಗಾಲದಲ್ಲಿ ಬೈಬಲಿನ ಹೊಲಿಗೆ ಬಿಟ್ಟುಕೊಂಡಿತೆಂದು ಬೈಂಡಿಂಗಿಗೆ ಕೊಡಲು ಎತ್ತಿದೆ. ಒಳಗಿದ್ದ ಚೀಟಿಗಳೆಲ್ಲ ಮೇಜಿನ ಮೇಲೆ ಉದುರಿದವು. ಎಣಿಸಿದರೆ 32. ಬಿಡಿಸಿ ಓದುತ್ತಾ ಕೂತೆ. ಕುರುಬನ ಕೀರ್ತನೆ ನಾಲ್ಕು ಸಲ ಬಂದಿತ್ತು. ಒಳ್ಳೆಯ ನಿರೀಕ್ಷೆಯನ್ನು ಕೊಡುವ ಯೆರೆಮೀಯನ ಮಾತು ಐದು ಸಲ. ಆ ಮಾತು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ ಬರೆದ ಕಾಗದದಲ್ಲಿದೆ, ಎಪ್ಪತ್ತು ವರ್ಷ ತುಂಬುವ ತನಕ ಅಲ್ಲೇ ಇರಬೇಕು ಎಂಬ ಮಾತು ಅದರ ಹಿಂದಿನ ಸಾಲಿನಲ್ಲೇ ಇದೆ ಎಂಬುದನ್ನು ಚೀಟಿ ಹೇಳುವುದಿಲ್ಲ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದಿಂದ, ತಲೆಯಾಗುವುದರ ಬಗೆಗಿನ ಮಾತು ಮೂರು ಸಲ ಬಂದಿತ್ತು. ಆಜ್ಞೆಗಳಿಗೆ ಕಿವಿಗೊಟ್ಟರೆ ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ಚೀಟಿ ಕತ್ತರಿಸಿದವರ ಕತ್ತರಿ ಅಲ್ಲಿಗೆ ಸರಿಯಾಗಿ ಬಿದ್ದಿತ್ತು.

32ರಲ್ಲಿ ಒಂದೇ ಒಂದು ಆಜ್ಞೆ ಇರಲಿಲ್ಲ. ನಿಮ್ಮ ಹಬ್ಬಗಳ ಗದ್ದಲ ಸಾಕು, ನ್ಯಾಯ ಹರಿಯಲಿ ಎಂದು ಗದರಿದ ಆಮೋಸ ಬಂದಿರಲಿಲ್ಲ. ಕೊಯ್ಲಿನವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಕೇಳುವಂತೆ ಕೂಗುತ್ತದೆ ಎಂದು ಬರೆದ ಯಾಕೋಬ ಬಂದಿರಲಿಲ್ಲ. ಯಜ್ಞವೇದಿಯ ಮುಂದೆ ನಿಂತಾಗ ಸಹೋದರನೊಬ್ಬನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಕರ್ತನು ಬೆಟ್ಟದ ಮೇಲೆ ಹೇಳಿದ ಮಾತೂ ಇರಲಿಲ್ಲ. 32 ವರ್ಷ ದೇವರು ಏನು ಕೊಡುತ್ತಾನೆ ಎಂದು ಕೇಳಿಸಿಕೊಂಡಿದ್ದೇನೆ. ಏನು ಕೇಳುತ್ತಾನೆ ಎಂದು ಒಮ್ಮೆಯೂ ಕೇಳಿಸಿಕೊಂಡಿಲ್ಲ.

ಇನ್ನು ಹೇಳಲು ನಾಲಿಗೆ ತಡೆಯುವ ಸಂಗತಿ.

ನಮ್ಮ ಮನೆಯ ಹಿತ್ತಲ ಕಡೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಬಿದ್ದಿರುತ್ತಿತ್ತು. ಅಂಗಳ, ಬಚ್ಚಲು, ಚರಂಡಿ ತೊಳೆಯಲು ಬರುವ ಹೆಂಗಸಿನ ಲೋಟ. ನನ್ನ ತಾಯಿಯ ಮನೆಯಲ್ಲೂ ಅಂಥ ಲೋಟವಿತ್ತು. ತಾಯಿ ಸಂಡೇ ಸ್ಕೂಲಿನಲ್ಲಿ ಎಷ್ಟೋ ವರ್ಷ ಪಾಠ ಹೇಳಿದವರು, ಮಂಡಿಯೂರದೆ ಮಲಗಿದವರಲ್ಲ. ಲೋಟ ಯಾಕೆ ಬೇರೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮದುವೆಯಾಗಿ ನಾವು ಬೇರೆ ಮನೆ ಮಾಡಿದಾಗ ಪಾತ್ರೆ ಪಗಡೆಗಳ ಜೊತೆ ಆ ಪದ್ಧತಿಯೂ ಬಂತು.

ಆ ಹೆಂಗಸು ನಂಬಿಕೆಗೆ ಬಂದಳು. ನಮ್ಮ ಸಭೆಯಲ್ಲೇ ದೀಕ್ಷಾಸ್ನಾನವಾಯಿತು. ಆಗ ನಾನು ಸಭೆಯ ಕಾರ್ಯದರ್ಶಿ. ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದವನು ನಾನೇ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ ಮಂಡಿಯೂರಿದಾಗ ಎಷ್ಟೋ ಸಲ ಅವಳು ನನ್ನ ಪಕ್ಕದಲ್ಲೇ ಇದ್ದಾಳೆ. ಅಯ್ಯನವರು ಹಿಡಿದ ಪಾತ್ರೆಗೆ ಅವಳು ಬಾಯಿ ಹಚ್ಚಿದ ಮೇಲೆ ನಾನು ಹಚ್ಚಿದ್ದೇನೆ. ಸೋಮವಾರ ಬೆಳಿಗ್ಗೆ ಅವಳು ನಮ್ಮ ಹಿತ್ತಲಲ್ಲಿ ನಿಂತು ಕಿಟಕಿಯ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಹೀಗೆ ಎರಡು ವರ್ಷ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಒಂದು ದಿನ ಅವಳು ಲೋಟ ತೊಳೆದು ಕಟ್ಟೆಯ ಮೇಲಿಡುತ್ತಾ ನನ್ನ ಹೆಂಡತಿಯನ್ನು ಕೇಳಿದಳು: “ಭಾನುವಾರ ಅಯ್ನೋರು ಕೊಡೋ ಲೋಟಕ್ಕೆ ನಾವೆಲ್ಲ ಬಾಯಿ ಹಚ್ತೀವಲ್ಲ ಅಮ್ಮಾವ್ರೇ, ಅದನ್ನ ಯಾರು ತೊಳೀತಾರೆ?” ಚುಚ್ಚಲು ಕೇಳಿದ್ದಲ್ಲ. ತೊಳೆಯುವ ಕೆಲಸ ಮಾಡುವವಳಿಗೆ ತೊಳೆಯುವುದರ ಬಗ್ಗೆ ಹುಟ್ಟಿದ ಸಹಜವಾದ ಪ್ರಶ್ನೆ. ಹೆಂಡತಿ ಉತ್ತರ ಕೊಡಲಿಲ್ಲ. ಒಳಗೆ ಪೇಪರ್ ಓದುತ್ತಿದ್ದ ನಾನು ಪುಟ ತಿರುಗಿಸಲಿಲ್ಲ. ಆಗ ನನಗೆ ಐವತ್ತೊಂದು ವರ್ಷ. ದೃಢೀಕರಣವಾಗಿ ಮೂವತ್ತೈದು ವರ್ಷ ಕಳೆದಿತ್ತು.

ಹಾಗಾದರೆ ನನ್ನ ಮಾನಸಾಂತರ ಸುಳ್ಳೇ? ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಸುಳ್ಳಲ್ಲ ಎಂದೇ ಈಗಲೂ ನಂಬುತ್ತೇನೆ. ಇಪ್ಪತ್ತರ ವಯಸ್ಸಿನಲ್ಲಿ ಒಂದು ಉಜ್ಜೀವನ ಕೂಟದಲ್ಲಿ ಅತ್ತ ಕಣ್ಣೀರು ನಿಜವಾದದ್ದೇ. ಆದರೆ ಆ ರಾತ್ರಿಯನ್ನೇ ಮನೆ ಮಾಡಿಕೊಂಡು ಉಳಿದುಬಿಟ್ಟೆ. ಹೊಸಿಲು ದಾಟಿದ್ದೇ ಮನೆಯೆಲ್ಲ ನೋಡಿದಂತಾಯಿತು ಎಂದುಕೊಂಡೆ.

ಇಂಥವನು ನಾನೊಬ್ಬನೇ ಅಲ್ಲ. ನಮ್ಮಲ್ಲಿ ಹಲವರು ಪ್ರೀತಿಯಿಂದ ಹಾಡುವ ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ ಇಂಥವನೇ. ಅವನ ಕತೆ ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲವಾದರೂ ಬರುತ್ತದೆ: ಗುಲಾಮರ ಹಡಗಿನ ಕಪ್ತಾನ, ಬಿರುಗಾಳಿ, ಪ್ರಾರ್ಥನೆ, ಮಾನಸಾಂತರ, ಕೂಡಲೇ ಆ ವ್ಯಾಪಾರಕ್ಕೆ ತಿಲಾಂಜಲಿ, ಕಣ್ಣೀರಿನಲ್ಲಿ ಹಾಡು. ಚೆನ್ನಾಗಿದೆ. ನಡೆದದ್ದು ಹಾಗಲ್ಲ. ನಡೆದದ್ದನ್ನು ತಿಳಿದರೆ ನಮಗೆ ನಿದ್ದೆ ಬರಲಿಕ್ಕಿಲ್ಲ, ಅದಕ್ಕೇ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬಿರುಗಾಳಿ ಬೀಸಿದ್ದು 1748ರ ಮಾರ್ಚ್‌ನಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ. ಆಗ ಅವನಿನ್ನೂ ಕಪ್ತಾನನಲ್ಲ. ‘ಗ್ರೇಹೌಂಡ್’ ಎಂಬ ಆ ಹಡಗಿನಲ್ಲಿ ಗುಲಾಮರಿರಲಿಲ್ಲ; ಜೇನುಮೇಣ, ಬಣ್ಣದ ಮರದಂಥ ಸರಕು ಇತ್ತು. ಒಂದು ಪಕ್ಕ ಒಡೆದು ನೀರು ನುಗ್ಗಿದಾಗ ಇಪ್ಪತ್ತೆರಡರ ಆ ಹುಡುಗ ಬಹಳ ವರ್ಷಗಳ ನಂತರ ದೇವರ ಹೆಸರೆತ್ತಿದ. ಆ ದಿನವನ್ನು ಸಾಯುವವರೆಗೂ ಪ್ರತಿ ವರ್ಷ ನೆನೆದ. ಆಮೇಲೆ ಮಾಡಿದ್ದೇನು? ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಕೈಕೆಳಗಿನ ಮೇಟ್ ಆಗಿ ಆಫ್ರಿಕಕ್ಕೆ ಹೊರಟ. 1750ರಿಂದ 1754ರ ನಡುವೆ ಮೂರು ಸಲ, ಸ್ವತಃ ಕಪ್ತಾನನಾಗಿ, ಮನುಷ್ಯರನ್ನು ಕೊಂಡು ಹಡಗಿನ ತಳದಲ್ಲಿ ಸಂಕೋಲೆ ಹಾಕಿ ಮಲಗಿಸಿ ಸಾಗರ ದಾಟಿಸಿದ. ಭಾನುವಾರ ಎರಡು ಹೊತ್ತು ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಬೈಬಲ್ ಓದುತ್ತಿದ್ದ, ಊರಿನಲ್ಲಿದ್ದ ಹೆಂಡತಿಗೆ ಭಕ್ತಿ ತುಂಬಿದ ಕಾಗದ ಬರೆಯುತ್ತಿದ್ದ. ಬಂಡಾಯದ ಸಂಚು ನಡೆದಿದೆಯೆಂಬ ಗುಮಾನಿ ಬಂದಾಗ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿ ಬಾಯಿ ಬಿಡಿಸಿದ್ದನ್ನು ತನ್ನ ಹಡಗಿನ ದಿನಚರಿಯಲ್ಲಿ ತಾನೇ ಬರೆದಿಟ್ಟ. ಮೇಲೆ ಅಟ್ಟದಲ್ಲಿ ಕೀರ್ತನೆ, ಕೆಳಗೆ ಸಂಕೋಲೆ, ನಡುವೆ ಒಂದು ಹಲಗೆ.

ಆ ಹಲಗೆಯನ್ನು ನಾನು ಬಲ್ಲೆ. ನಮ್ಮ ಮನೆಯಲ್ಲಿ ಅದು ಕಿಟಕಿಯ ಕಟ್ಟೆಯಾಗಿತ್ತು.

1754ರಲ್ಲಿ ಅವನು ಸಮುದ್ರ ಬಿಟ್ಟಿದ್ದು ಮನಸ್ಸಾಕ್ಷಿಯ ಕಾರಣಕ್ಕಲ್ಲ, ಕಾಯಿಲೆ ಬಿದ್ದು. 1764ರಲ್ಲಿ ತನ್ನ ಜೀವನದ ಸಾಕ್ಷಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ, ಅದೇ ವರ್ಷ ಓಲ್ನಿ ಎಂಬ ಊರಿಗೆ ಸಭಾಪಾಲಕನಾದ. ಆ ಪುಸ್ತಕದಲ್ಲಿ ಗುಲಾಮರ ವ್ಯಾಪಾರವನ್ನು ದೇವರು ತನಗೆ ಒದಗಿಸಿದ ಉದ್ಯೋಗವೆಂದೇ ಬಗೆದಿದ್ದೆ ಎನ್ನುತ್ತಾನೆ. ಜೈಲರನಂತೆ ಸದಾ ಬೇಡಿ ಬೀಗಗಳ ನಡುವೆ ಇರಬೇಕಾದದ್ದು ಹಿತವೆನಿಸಿರಲಿಲ್ಲ, ಅಷ್ಟೆ. ಆ ಹಾಡು 1773ರ ಹೊಸ ವರ್ಷದ ಆರಾಧನೆಗೆಂದು ಬರೆದದ್ದು. ಆಗಲೂ ಅವನು ಬಹಿರಂಗವಾಗಿ ಆ ವ್ಯಾಪಾರದ ವಿರುದ್ಧ ಬಾಯಿ ತೆರೆದಿರಲಿಲ್ಲ. ಬಾಯಿ ತೆರೆದದ್ದು 1788ರಲ್ಲಿ. ವಿಲ್ಬರ್‌ಫೋರ್ಸ್ ಎಂಬ ಯುವ ಸಂಸದ ಮೂರು ವರ್ಷ ಹಿಂದೆ ಯಾರಿಗೂ ಕಾಣದಂತೆ ಇವನ ಸಲಹೆ ಕೇಳಲು ಬಂದಿದ್ದ. ಆ ಮಾತುಕತೆ ಇವನೊಳಗೂ ಏನನ್ನೋ ಕದಲಿಸಿರಬೇಕು ಎಂಬುದು ನನ್ನ ಊಹೆ. ಅರವತ್ತು ದಾಟಿದ ಮುದುಕ ಆಫ್ರಿಕದ ಗುಲಾಮರ ವ್ಯಾಪಾರದ ಬಗ್ಗೆ ಪುಸ್ತಿಕೆ ಬರೆದ. ತನ್ನ ಈ ತಪ್ಪೊಪ್ಪಿಗೆ ಬಹಳ ತಡವಾಯಿತೆಂದು ಅದರಲ್ಲೇ ಒಪ್ಪಿಕೊಂಡ. ಪ್ರಿವಿ ಕೌನ್ಸಿಲ್ ಮುಂದೆ ಹೋಗಿ, ತಾನು ಕಂಡದ್ದನ್ನೂ ಮಾಡಿದ್ದನ್ನೂ ಹೇಳಿದ.

ಈ ಎರಡು ಸಾಕ್ಷಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ದೇವರು ತನಗೇನು ಮಾಡಿದನೆಂದು ಹೇಳಿದ. ಎರಡನೆಯದರಲ್ಲಿ ತಾನು ಇತರರಿಗೇನು ಮಾಡಿದೆನೆಂದು ಹೇಳಿದ. ಮೊದಲನೆಯದಕ್ಕೆ ಒಂದು ಬಿರುಗಾಳಿ ಸಾಕಾಯಿತು. ಎರಡನೆಯದಕ್ಕೆ ನಲವತ್ತು ವರ್ಷ ಹಿಡಿಯಿತು. ನಮ್ಮ ಸಭೆಗಳಲ್ಲಿ ಮೊದಲನೆಯ ಬಗೆಯ ಸಾಕ್ಷಿಯನ್ನು ವಾರವಾರ ಕೇಳುತ್ತೇವೆ: ಕುಡಿತ ಬಿಟ್ಟೆ, ಕಾಯಿಲೆ ವಾಸಿಯಾಯಿತು, ಮಗನಿಗೆ ವೀಸಾ ಸಿಕ್ಕಿತು. ಎರಡನೆಯ ಬಗೆಯದನ್ನು ಯಾರಾದರೂ ಮೈಕಿನ ಮುಂದೆ ಹೇಳಿದ್ದನ್ನು ನನ್ನ ಜೀವಮಾನದಲ್ಲಿ ಕೇಳಿಲ್ಲ. ನಾನೂ ಹೇಳಿಲ್ಲ.

ತನ್ನ ಹಳೆಯ ದಿನಗಳನ್ನು ನೆನೆದ ನ್ಯೂಟನ್, ಬಿರುಗಾಳಿಯ ದಿನ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿದ್ದೆ ಎನ್ನಲಾರೆ, ಅದು ಎಷ್ಟೋ ಕಾಲದ ನಂತರ ಆದದ್ದು ಎಂದ. ತಾರೀಖು ಸಮೇತ ರಕ್ಷಣೆಯ ಕತೆ ಹೇಳುವ ನಮಗೆ ಈ ಮಾತು ಇರಿಸುಮುರಿಸು. ನನಗೆ ಮಾತ್ರ ಇದರಲ್ಲೇ ಸಮಾಧಾನ ಕಾಣುತ್ತದೆ.

ಆದರೆ ಸಮಾಧಾನಪಟ್ಟುಕೊಳ್ಳಲು ಅಷ್ಟು ಆತುರ ಬೇಡ. ನ್ಯೂಟನ್ ನಿಧಾನವಾಗಿ ಬೆಳೆದ, ಕೊನೆಗಾದರೂ ಬೆಳೆದ, ದೇವರು ತಾಳ್ಮೆಯುಳ್ಳವನು ಎಂದು ಸ್ತೋತ್ರ ಹೇಳಿ ಮುಗಿಸಬಹುದು. ಆ ನಿಧಾನಕ್ಕೆ ಬೆಲೆ ತೆತ್ತವರು ಯಾರು? ಅವನಲ್ಲ. ಅವನು ಪಾದ್ರಿಯಂತೆ ಪ್ರಾರ್ಥನೆ ಮಾಡಿಸುತ್ತಿದ್ದಾಗ ಕೆಳಗೆ ಉಸಿರುಗಟ್ಟಿ ಸತ್ತವರು ತೆತ್ತರು. ಹೆಬ್ಬೆರಳು ಜಜ್ಜಿಸಿಕೊಂಡ ಹುಡುಗರು ತೆತ್ತರು. ಅವರ ಹೆಸರು ಅವನ ದಿನಚರಿಯಲ್ಲಿಲ್ಲ, ಲೆಕ್ಕಕ್ಕೆ ಬೇಕಾದ ಸಂಖ್ಯೆಯಷ್ಟೇ ಇದೆ.

ಆತ್ಮಿಕ ಬೆಳವಣಿಗೆಯ ಬಗ್ಗೆ ನಾವು ಅದು ಸ್ವಂತ ಆಸ್ತಿಯೆಂಬ ಹಾಗೆ ಮಾತಾಡುತ್ತೇವೆ. ನನ್ನ ಬೆಳವಣಿಗೆ, ನನ್ನ ಪ್ರಾರ್ಥನಾ ಜೀವನ, ನನ್ನ ಮತ್ತು ದೇವರ ನಡುವಿನ ವಿಷಯ. ಹಿಂದೆ ಬಿದ್ದರೆ ನಷ್ಟ ನನ್ನದೇ. ಇದು ಸುಳ್ಳು. ನಾನು ಬೆಳೆಯದೆ ನಿಂತ ಮೂವತ್ತೈದು ವರ್ಷದಲ್ಲಿ ನನಗೆ ಏನೂ ನಷ್ಟವಾಗಲಿಲ್ಲ. ಕೆಲಸದಲ್ಲಿ ಬಡ್ತಿ ಸಿಕ್ಕಿತು, ಸಭೆಯಲ್ಲಿ ಗೌರವ ಸಿಕ್ಕಿತು, ವರ್ಷಕ್ಕೊಂದು ವಾಗ್ದಾನವೂ ಸಿಕ್ಕಿತು. ನಷ್ಟವಾದದ್ದು ಹಿತ್ತಲಲ್ಲಿ ನಿಂತು ಕಾಫಿ ಕುಡಿದವಳಿಗೆ.

ಅಪೊಸ್ತಲ ಪೇತ್ರನಿಗಿಂತ ದೊಡ್ಡ ಆತ್ಮಿಕ ಅನುಭವ ನಮ್ಮಲ್ಲಿ ಯಾರಿಗಿದೆ? ನೀರಿನ ಮೇಲೆ ಕಾಲಿಟ್ಟವನು, ಮೂರು ಸಲ ಅಲ್ಲಗಳೆದು ಬಿಕ್ಕಿ ಬಿಕ್ಕಿ ಅತ್ತವನು, ಪಂಚಾಶತ್ತಮ ದಿನ ಎದ್ದು ನಿಂತು ಪ್ರಸಂಗ ಮಾಡಿದವನು. ಅಂಥವನು ಯೊಪ್ಪದಲ್ಲಿ ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದ. ಆ ಕಸುಬನ್ನು ಯೆಹೂದ್ಯರು ಅಶುದ್ಧವೆಂದೇ ಕಾಣುತ್ತಿದ್ದರು. ಮೀನುಗಾರ ಪೇತ್ರ ಅಷ್ಟು ದೂರ ಬಂದಿದ್ದ ಎಂಬುದೇ ದೊಡ್ಡದು. ಆದರೂ ಆ ಮನೆಯ ಮಾಳಿಗೆಯ ಮೇಲೆ, ಆಕಾಶದಿಂದ ಎಲ್ಲ ಬಗೆಯ ಪ್ರಾಣಿಗಳಿದ್ದ ಜೋಳಿಗೆಯಂಥ ಬಟ್ಟೆ ಇಳಿದು, ತಿನ್ನು ಎಂಬ ಮಾತು ಕೇಳಿದಾಗ ಬೇಡವೇ ಬೇಡ ಎಂದ. ಮೂರು ಸಲ ಆಯಿತು. ಚರ್ಮಗಾರನ ಮನೆಯೊಳಗೆ ಕೂತೇ, ಅನ್ಯಜನರ ಮನೆಗೆ ಕಾಲಿಡಲು ಹಿಂಜರಿದ. ಒಂದು ಗೋಡೆ ಬಿದ್ದ ಮಾತ್ರಕ್ಕೆ ಅದರ ಹಿಂದಿನ ಗೋಡೆ ಬೀಳುವುದಿಲ್ಲ.

ಕೊನೆಗೆ ಕೈಸರೈಯಕ್ಕೆ ಹೋದ, ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟ. ಅವರ ಜೊತೆ ಊಟ ಮಾಡಿದೆಯಂತಲ್ಲ ಎಂದು ಯೆರೂಸಲೇಮಿನವರು ತಗಾದೆ ತೆಗೆದಾಗ ನಡೆದದ್ದನ್ನೆಲ್ಲ ವಿವರಿಸಿ ಎದುರು ನಿಂತ. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಮೇಲೆ ಅಂತಿಯೋಕ್ಯದಲ್ಲಿ ಅನ್ಯಜನರ ವಿಶ್ವಾಸಿಗಳ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವನು, ಯಾಕೋಬನ ಕಡೆಯವರು ಬಂದರೆಂದು ಮೆಲ್ಲಗೆ ಎದ್ದು ಸರಿದ. ಅವನನ್ನು ನೋಡಿ ಉಳಿದವರೂ ಸರಿದರು. ಒಳ್ಳೆಯವನೆಂದು ಹೆಸರಾದ ಬಾರ್ನಬನೂ ಸರಿದ. ಪೌಲ ಎಲ್ಲರೆದುರು ಪೇತ್ರನ ಮುಖಕ್ಕೆ ಹೇಳಬೇಕಾಯಿತು. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಪಂಕ್ತಿಭೇದ ಎಂದರೇನೆಂದು ಗೊತ್ತಿರುವ ನಮ್ಮ ನಾಡಿನಲ್ಲಿ ಇದಕ್ಕೆ ಭಾಷ್ಯವೇ ಬೇಕಿಲ್ಲ. ಆದರೂ ಈ ಭಾಗದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಗೋಡೆ ಬಿದ್ದ ಮೇಲೂ ಮತ್ತೆ ಏಳುತ್ತದೆ. ಅದಕ್ಕೇ ಬೆಳವಣಿಗೆ ಒಂದು ಸಲ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳುವ ಕೆಲಸವಲ್ಲ. ಪೌಲನಿಗೆ ಇದು ಗೊತ್ತಿತ್ತು. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ದಶಕಗಳು ಕಳೆದ ಮೇಲೆ, ಸೆರೆಯಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆಯುವಾಗಲೂ ತಾನಿನ್ನೂ ಗುರಿ ಮುಟ್ಟಿಲ್ಲ, ಮುಂದಕ್ಕೆ ಎದೆಯೊಡ್ಡಿ ಓಡುತ್ತಿದ್ದೇನೆ ಎನ್ನುತ್ತಾನೆ. ಪೌಲ ಮುಟ್ಟದ ಗುರಿಯನ್ನು ನಾವು ದೃಢೀಕರಣದ ದಿನ ಬಿಳಿ ಬಟ್ಟೆ ಹಾಕಿಕೊಂಡು ಮುಟ್ಟಿಬಿಟ್ಟಿದ್ದೇವೆ.

ನಮ್ಮದೇ ನಾಡಿನ ಒಂದು ಉದಾಹರಣೆ. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ ಮೂವರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಊರಿಗೆ ಊರೇ ಎದ್ದು ನಿಂತ ಘಟನೆ ಅದು. ಜಾತಿ, ಬಂಧುಬಳಗ ಎಲ್ಲ ಕಳೆದುಕೊಂಡು ಬಂದವನು ಇನ್ನೇನು ಬಿಡಬೇಕು? ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದಾಗ ಅವರ ಸಾಕ್ಷಿ ಪೂರ್ಣವಾಯಿತು ಎಂದು ಯಾರಾದರೂ ಹೇಳಬಹುದಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಆ ಕಾಲದ ಕೊಡಗಿನಲ್ಲಿ ಜಮ್ಮಾ ಭೂಮಿಗೆ ಅಂಟಿಕೊಂಡು ತಲೆಮಾರುಗಟ್ಟಲೆ ಜೀತದಲ್ಲಿದ್ದ ಹೊಲೆಯರಿದ್ದರು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಆಸರೆ ತಪ್ಪಿಸಿದ್ದರೂ ಗದ್ದೆಯ ಬದುವಿನ ಮೇಲೆ ಏನೂ ಬದಲಾಗಿರಲಿಲ್ಲ. ಅವರಲ್ಲಿ ನಂಬಿಕೆಗೆ ಬಂದವರಿಗಾಗಿ 1850ರ ದಶಕದಲ್ಲಿ ಮೋಗ್ಲಿಂಗ್ ಮತ್ತು ಕೌಂಡಿನ್ಯ ಅಮ್ಮತ್ತಿಯ ಹತ್ತಿರ ಒಂದು ನೆಲೆ ಕಟ್ಟಿದರು. ಊರಿನ ಹೆಸರು ಆನಂದಪುರ. ಕೌಂಡಿನ್ಯರ ಹೆಸರೇ ಆ ಊರಿನದು. ಅಗ್ರಜಾತಿಯ ಹುಡುಗನೊಬ್ಬ ಕ್ರೈಸ್ತನಾದದ್ದು ಒಂದು ಹೆಜ್ಜೆ. ಹೊಲೆಯರ ಜೊತೆ ಬಾಳುವೆ ಹೂಡಿದ್ದು ಇನ್ನೊಂದು ಹೆಜ್ಜೆ, ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡದು.

ನಾವು ಆ ಹಿರಿಯರ ಹೆಸರು ಹೇಳಿ ಊಟ ಮಾಡುವವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ನಮ್ಮವರಿಂದ, ಕಿಟ್ಟೆಲರ ನಿಘಂಟು 1894ರಲ್ಲಿ ನಮ್ಮವರಿಂದ, ಹಂಚಿನ ಕಾರ್ಖಾನೆ ನಮ್ಮವರಿಂದ. ಪ್ರತಿ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲೂ ಈ ಪಟ್ಟಿ ಇರುತ್ತದೆ. ಕನ್ನಡಿಗನಾಗಿ ನನಗೂ ಹೆಮ್ಮೆಯಿದೆ. ಆದರೆ ಅದೇ ಸಂಚಿಕೆಯನ್ನು ಓದುವ ಮನೆಗಳವರು ವರನನ್ನು ಹುಡುಕುವಾಗ ಕ್ರೈಸ್ತ ಎಂದು ಬರೆದು, ಪಕ್ಕದಲ್ಲಿ ನೂರೈವತ್ತು ವರ್ಷ ಹಿಂದೆ ಬಿಟ್ಟು ಬಂದ ಜಾತಿಯನ್ನೂ ಬರೆಯುತ್ತಾರೆ. ವರದಕ್ಷಿಣೆಯನ್ನು ಉಡುಗೊರೆ ಎನ್ನುತ್ತಾರೆ. ಆ ಮದುವೆಗೆ ಅಯ್ಯನವರು ಬಂದು ಆಶೀರ್ವದಿಸುತ್ತಾರೆ.

ಬೆಳವಣಿಗೆ ಎಂದು ನಾವು ಯಾವುದನ್ನು ಕರೆಯುತ್ತೇವೆ ನೋಡಿ. ಹೊಸ ಕಟ್ಟಡ, ಹೊಸ ಸೌಂಡ್ ಸಿಸ್ಟಂ, ಸಂಖ್ಯೆ, ಸುಗ್ಗಿಯ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿ ಎಷ್ಟಕ್ಕೆ ಹೋಯಿತು ಎಂಬುದು. ಉಜ್ಜೀವನ ಕೂಟಗಳನ್ನು ಹಗುರವಾಗಿ ಕಾಣುವವನಲ್ಲ ನಾನು, ಅಲ್ಲೇ ಅತ್ತವನು. ಆದರೆ ಮೂರು ದಿನ ಕೈ ಎತ್ತಿ ಹಾಡಿದವರು ನಾಲ್ಕನೆಯ ದಿನ ಅಣ್ಣನ ಮೇಲೆ ಹಾಕಿದ ಬದುವಿನ ಕೇಸಿಗೆ ಕೋರ್ಟಿಗೆ ಹೋಗುತ್ತಾರೆ. ಸಭೆಯ ಆಡಳಿತದ ಚುನಾವಣೆಯಲ್ಲಿ ಸೋತವರು ಗೆದ್ದವರ ಮುಖ ನೋಡುವುದಿಲ್ಲ. ಸಮಾಧಾನದ ಕೈ ಕುಲುಕುವ ಹೊತ್ತಿಗೆ ಸರಿಯಾಗಿ ಆ ಕಡೆ ತಿರುಗಿ ಮಗುವಿನ ಕಾಲರ್ ಸರಿ ಮಾಡುತ್ತಾರೆ. ನಗಬೇಡಿ, ನಾನೂ ಮಾಡಿದ್ದೇನೆ.

ಇಬ್ರಿಯರಿಗೆ ಬರೆದವನು ಈ ಹೊತ್ತಿಗೆ ಬೋಧಕರಾಗಬೇಕಿದ್ದವರಿಗೆ ಇನ್ನೂ ಹಾಲೇ ಬೇಕಾಗಿದೆ ಎಂದು ಬೇಸರಪಟ್ಟ. ಗಟ್ಟಿ ಆಹಾರವನ್ನು ಅವನು ಜ್ಞಾನ ಎಂದಾಗಲಿ ದರ್ಶನ ಎಂದಾಗಲಿ ವಿವರಿಸಲಿಲ್ಲ. ಒಳ್ಳೆಯದು ಕೆಟ್ಟದ್ದು ಯಾವುದೆಂದು ತಿಳಿಯಲು ಸಾಧನೆಯಿಂದ ಪಳಗಿದ ಇಂದ್ರಿಯಗಳುಳ್ಳವರ ಆಹಾರ ಅದು ಎಂದ. ಸಾಧನೆ ಎಂಬ ಮಾತನ್ನು ಗಮನಿಸಿ. ಅಡುಗೆಯವನ ನಾಲಿಗೆ, ದರ್ಜಿಯ ಕಣ್ಣು ಪಳಗುವ ಹಾಗೆ ಮನಸ್ಸಾಕ್ಷಿಯೂ ಬಳಸಿ ಬಳಸಿ ಪಳಗಬೇಕು. ಬಳಸದೆ ಬಿಟ್ಟರೆ ಕಿಟಕಿಯ ಮೇಲಿನ ಲೋಟ ಮೂವತ್ತೈದು ವರ್ಷ ಕಣ್ಣಿಗೆ ಬೀಳದು.

ಇಷ್ಟು ಹೊತ್ತಿಗೆ ಯಾರೋ ಒಬ್ಬರು ಎದ್ದು ನಿಂತಿರುತ್ತಾರೆ, ನನಗೆ ಗೊತ್ತು. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ. ನೀವು ಕ್ರಿಯೆಗಳ ಧರ್ಮಕ್ಕೆ ವಾಪಸು ಕರೆಯುತ್ತಿದ್ದೀರಿ ಎನ್ನುತ್ತಾರೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಎಂಟು, ಒಂಬತ್ತನೆಯ ವಚನಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಹತ್ತನೆಯದನ್ನೂ ಓದಿ ಎಂದಷ್ಟೇ ನನ್ನ ವಿನಂತಿ. ಸತ್ಕ್ರಿಯೆಗಳಲ್ಲಿ ನಡೆಯಲೆಂದೇ ನಮ್ಮನ್ನು ಹೊಸದಾಗಿ ಮಾಡಿದ್ದಾನೆ ಎಂದು ಅಲ್ಲಿದೆ. ಅಲ್ಲೂ ಅದೇ ಕತ್ತರಿ ಕೆಲಸ ಮಾಡಿದೆ. ಕೃಪೆ ನನ್ನನ್ನು ಇದ್ದ ಹಾಗೇ ಸ್ವೀಕರಿಸಿತು, ನಿಜ. ಇದ್ದ ಹಾಗೇ ಬಿಟ್ಟುಬಿಡುವಷ್ಟು ನಿರ್ಲಕ್ಷ್ಯ ಅದಕ್ಕಿಲ್ಲ. ಯೇಸು ಮನೆಗೆ ಬಂದ ದಿನವೇ ಜಕ್ಕಾಯ ಹಣದ ಲೆಕ್ಕ ತೆಗೆದ. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಕೊಟ್ಟರೆ ಬರುತ್ತೇನೆ ಎಂದು ಕರ್ತನು ಮರದ ಕೆಳಗೆ ಚೌಕಾಶಿ ಮಾಡಲಿಲ್ಲ. ಬಂದದ್ದಕ್ಕೇ ಜಕ್ಕಾಯನ ಕೈ ಸಡಿಲಾಯಿತು.

ಲೋಟದ ಕತೆ ಪೂರ್ತಿ ಹೇಳಿಬಿಡುತ್ತೇನೆ. ಆ ಪ್ರಶ್ನೆ ಕೇಳಿದ ಮರುದಿನ ಅದು ಕಿಟಕಿಯಿಂದ ಒಳಗೆ ಬಂತು. ಅವಳು ಈಗ ಅಡುಗೆಮನೆಯ ಮೇ‍ಜಿನ ಹತ್ತಿರ ಕೂತು ಕಾಫಿ ಕುಡಿಯುತ್ತಾಳೆ, ಕುರ್ಚಿಯ ತುದಿಯಲ್ಲಿ. ಪೂರ್ತಿ ಒರಗಿ ಕೂರಲು ಎಷ್ಟು ವರ್ಷ ಬೇಕೋ. ಲೋಟ ಒಳಗೆ ಬಂದಿತೆಂದು ನಾನು ಒಂದು ವರ್ಷ ಬೀಗಿದೆ. ಆಮೇಲೆ ಒಂದು ಭಾನುವಾರ ಕೂಲಿಯ ಬಗ್ಗೆ ಯಾಕೋಬ ಬರೆದ ಭಾಗವನ್ನು ಯಾರೋ ಓದುತ್ತಿದ್ದಾಗ ಹೊಳೆಯಿತು: ಹದಿನಾಲ್ಕು ವರ್ಷದಲ್ಲಿ ಅವಳಿಗೆ ವಾರದ ರಜೆ ಎಂಬುದೇ ಇರಲಿಲ್ಲ. ನಾವು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಆರಾಧನೆಗೆ ಹೊರಡುವ ಮೊದಲು ಅವಳು ಬಂದು ಅಂಗಳ ಗುಡಿಸಿ, ಮನೆಗೆ ಓಡಿ, ಸೀರೆ ಬದಲಿಸಿ, ಎರಡನೆಯ ಹಾಡಿನ ಹೊತ್ತಿಗೆ ಹಿಂದಿನ ಬೆಂಚಿಗೆ ಬರುತ್ತಿದ್ದಳು. ತಡವಾಗಿ ಬರುವವರ ಬಗ್ಗೆ ನಾನು ಕಾರ್ಯದರ್ಶಿಯಾಗಿ ಪ್ರಕಟಣೆ ಓದಿದ್ದೇನೆ. ಈಗ ಭಾನುವಾರ ರಜೆ, ಸಂಬಳವೂ ಸರಿಯಾಗಿದೆ. ಇನ್ನು ಯಾವ ಗೋಡೆ ಕಾಣದೆ ಕೂತಿದ್ದೇನೋ ಗೊತ್ತಿಲ್ಲ. ಒಂದು ಮಾತ್ರ ಗೊತ್ತಿದೆ: ಲೋಟ ತೆಗೆದೆ, ರಜೆ ಕೊಟ್ಟೆ, ಕ್ಷಮೆ ಕೇಳಿಲ್ಲ. ಇದು ಅಚ್ಚಾಗುವ ಮೊದಲು ಅವಳೆದುರು ನಿಂತು ಕೇಳಬೇಕು. ಪ್ರಿವಿ ಕೌನ್ಸಿಲ್ ಮುಂದೆ ನಿಲ್ಲುವುದಕ್ಕಿಂತ ಅದು ಕಷ್ಟವೆನಿಸುತ್ತಿದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕಿಟಕಿಯ ಮೇಲೆ ಏನಿದೆಯೋ ನಾನರಿಯೆ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನಿರಬಹುದು. ಸೊಸೆಯ ತವರಿನಿಂದ ಬಂದ ಚಿನ್ನವಿರಬಹುದು. ಸಭೆಯ ಲೆಕ್ಕದ ಪುಸ್ತಕದಲ್ಲಿ ನಿಮಗೆ ಮಾತ್ರ ಗೊತ್ತಿರುವ ಒಂದು ಪುಟವಿರಬಹುದು. ಪಕ್ಕದ ಬೀದಿಯ ಹಿಂದೂ ಮನೆಯ, ಮುಸ್ಲಿಮರ ಮನೆಯ ಹುಡುಗರ ಬಗ್ಗೆ ಊಟದ ಮೇಜಿನಲ್ಲಿ ನೀವು ಆಡುವ ಮಾತಿರಬಹುದು. ನಿಮಗೆ ಕಾಣದಿದ್ದರೆ, ಅದರ ಬೆಲೆ ತೆರುತ್ತಿರುವವರನ್ನು ಕೇಳಿ. ಅವರಿಗೆ ಕಾಣುತ್ತದೆ. ಅವರು ನಗುತ್ತಲೇ ಹೇಳಬಹುದು, ನಿಮಗೆ ಪುಟ ತಿರುಗಿಸಲಾಗದು.

ಅಯ್ಯನವರುಗಳಿಗೂ ಒಂದು ಮಾತು. ಈ ಸಲ ತಟ್ಟೆಯಲ್ಲಿ ಆಮೋಸನನ್ನೂ ಹಾಕಿ, ಯಾಕೋಬನನ್ನೂ ಹಾಕಿ. ಯಾರಿಗೆ ಬರುತ್ತದೋ ಬರಲಿ. ಜನ ಗೊಣಗುತ್ತಾರೆ, ಕೆಲವರು ಎರಡನೆಯ ಚೀಟಿ ಎತ್ತುತ್ತಾರೆ, ಎತ್ತಲಿ.

31ರ ರಾತ್ರಿಯ ಆರಾಧನೆ ಹತ್ತೂವರೆಗೆ. ಆ ಸಂಜೆ ಕೇಕು ಕತ್ತರಿಸುವುದು, ಬಟ್ಟೆ ಇಸ್ತ್ರಿ ಮಾಡುವುದು ಸ್ವಲ್ಪ ತಡವಾದರೂ ಪರವಾಗಿಲ್ಲ. ಯಾರ ಮನೆಗೆ ಹೋಗಬೇಕೆಂದು ಇದನ್ನು ಓದುತ್ತಿರುವಾಗಲೇ ನಿಮಗೆ ನೆನಪಾಗಿದೆ. ಕಾಣಿಕೆಯನ್ನು ಮನೆಯಲ್ಲೇ ಬಿಟ್ಟು ಮೊದಲು ಅಲ್ಲಿಗೆ ಹೋಗಿ ಬನ್ನಿ. ಬಾಗಿಲು ತೆರೆಯದಿದ್ದರೆ ಇನ್ನೊಂದು ಸಲ ತಟ್ಟಿ. ನಿಮಗಾಗಿ ಬೆಂಚಿನಲ್ಲಿ ಜಾಗ ಹಿಡಿದಿರುತ್ತೇವೆ.